ಎರಡು ಅಂಕದ ಪ್ರಶ್ನೆ

ಒಂಬತ್ತನೇ ತರಗತಿ, ಭೂಗೋಳ, ಹನ್ನೊಂದನೇ ಪ್ರಶ್ನೆ:
ಅಳಿವೆ ಎಂದರೇನು? ಒಂದು ಉದಾಹರಣೆ ಕೊಡಿ.
ನಲವತ್ತು ಮಕ್ಕಳು ಬರೆದದ್ದು ಒಂದೇ,
ನಾನು ಬೋರ್ಡಿನ ಮೇಲೆ ಬರೆಸಿದ್ದೇ:
ನದಿ ಕಡಲು ಸೇರುವಲ್ಲಿ
ಸಿಹಿನೀರು ಉಪ್ಪುನೀರು ಬೆರೆಯುವ ಜಾಗ.
ಉದಾಹರಣೆಗೆ ಶರಾವತಿ, ಕಾಳಿ.
ಕಾಳಿಗೆ ಗುಡಿಸು ಮರೆತವರು ಆರು ಜನ.

ಉಪ್ಪಾರ ಓಣಿಯ ಗಾಳೆವ್ವ ಮಾತ್ರ
ಪೆನ್ಸಿಲ್ಲಿನಲ್ಲಿ ಬರೆದಿದ್ದಳು:
ನಮ್ಮೂರ ಸವಳಹಳ್ಳ ಹಿನ್ನೀರು ಕೂಡುವ ಬಾಯಿ.

ಕೆಂಪು ಪೆನ್ನು ತಾನಾಗಿ ಸೊನ್ನೆ ಸುತ್ತಿತು.
‘ಸರ, ಹಳ್ಳ ನೋಡೀರೇನ್ರಿ?’ ಅಂದಳು.
ಏಳು ವರ್ಷ ದಿನಕ್ಕೆರಡು ಸಲ
ಸೇತುವೆ ಮೇಲೆ ಬೈಕಿನಲ್ಲಿ ದಾಟಿದ್ದೆ.
ನೋಡಿರಲಿಲ್ಲ.

ಭಾನುವಾರ ಹೋದೆ. ಅವಳ ಅಜ್ಜ ಭರಮಪ್ಪ ಮುಂದೆ,
ಕೈಯಲ್ಲಿ ಜಾಲಿಯ ಬಡಿಗೆ.
ಹುಟ್ಟು: ಮ್ಯಾಲಿನ ಗುಡ್ಡದ ಒಂದು ಹುಣಸೆ ಬುಡ.
ಉದ್ದ: ಎರಡು ಹರದಾರಿ, ಅಡ್ಡಾಡಿ ಹರಿದರೆ ಮೂರು.
ಅಗಲ: ಕುರಿಮರಿಯೊಂದು ಜಿಗಿಯುವಷ್ಟು.
ಎರೆಹೊಲದ ಬಸಿನೀರೆಲ್ಲ ಕುಡಿದು
ದಂಡೆಗುಂಟ ಬೆಳ್ಳನೆ ಕಾರಿಕೊಂಡಿತ್ತು.
ಬಾಯಿಗೆ ಹಾಕಿಕೊಂಡೆ:
ಮಜ್ಜಿಗೆಗೆ ಯಾರೋ ಎರಡು ಸಲ ಉಪ್ಪು ಹಾಕಿದಂತೆ.

ಈ ನೀರಿಗೆ ಬೇಳೆ ಬೇಯುವುದಿಲ್ಲ,
ಸಬಕಾರ ನೊರೆ ಬಿಡುವುದಿಲ್ಲ.
ಆದರೆ ಈ ಮಣ್ಣು ಹಚ್ಚಿ ಕುಕ್ಕಿದರೆ
ಗಾಣಿಗರ ಧೋತರವೂ ಬಿಳುಪಾಗುತ್ತದೆ.
ಹಾಲುಮತದ ಹುಡುಗರು ತಿಂಗಳಿಗೊಮ್ಮೆ
ಮಂದೆ ಹೊಡೆದುಕೊಂಡು ಬರುತ್ತಾರೆ.
ಕುರಿಗಳು ಕಲ್ಲು ನೆಕ್ಕುವ ಸಪ್ಪಳ,
ನೂರು ಜನ ಕಾಗದ ಹರಿದಂತೆ.

‘ಆ ದಿಬ್ಬ ನೋಡ್ರಿ, ಗೋರಿ ಅಲ್ಲ ಅವು.
ನಮ್ಮ ಮುತ್ಯಾನ ಮುತ್ಯಾ ಮಣ್ಣು ಸೋಸಿ,
ನೀರು ಬಿಸಿಲಿಗಿಟ್ಟು ಉಪ್ಪು ತೆಗೀತಿದ್ನಂತ.
ಸೋಸಿ ಒಗದ ಮಣ್ಣು ಗುಡ್ಡ ಆಗಿ ಕುಂತೈತಿ.
ಈಗ ನಮ್ಮ ಮನ್ಯಾಗೂ ಪಾಕೀಟಿನ ಉಪ್ಪೇ.’
ನಕ್ಕ. ಹಲ್ಲು ಮೂರೇ ಇದ್ದವು.

ಬಾಯಿ ಹತ್ತಿರ ಬಂತು.
ಮೊದಲು ಗಾಳಿಯ ವಾಸನೆ ಬದಲಾಯಿತು,
ಆಮೇಲೆ ನೆಲ ಮುಗಿಯಿತು.
ಮಳೆ ಬಿದ್ದದ್ದು ಎಲ್ಲೋ ಪಡುವಣಕ್ಕೆ;
ಇಲ್ಲಿ ಮೋಡ ಎಂದರೆ ಬರೀ ನೆರಳು.
ಆದರೂ ತುಂಗಭದ್ರೆ ಹಿಂದಕ್ಕೆ ಸರಿದು ಸರಿದು
ಹಳ್ಳದೊಳಗೆ ಬಂದು ನಿಂತಿದ್ದಳು,
ಕಳೆದ ವಾರದ ಸಜ್ಜೆಯ ಹೊಲ ಸೊಂಟದ ತನಕ ಮುಳುಗಿಸಿ.
ಇಲ್ಲಿ ವರ್ಷಕ್ಕೊಂದೇ ಭರತ, ವರ್ಷಕ್ಕೊಂದೇ ಇಳಿತ.
ಎಳೆಯುವವನು ಚಂದ್ರನೂ ಅಲ್ಲ,
ಅಣೆಕಟ್ಟಿನ ಗೇಟು ತಿರುಗಿಸುವ ಯಾವನೋ ಪಾಳಿಯವನು.

ಹೆಂಗಸರು ಕಲ್ಲು ಎಣಿಸುತ್ತಿದ್ದರು.
ಮೊನ್ನೆ ಚಪ್ಪಡಿಗಲ್ಲಿನ ತನಕ ಸಿಹಿ,
ನಿನ್ನೆ ಎಮ್ಮೆಗಲ್ಲು ದಾಟಿತು,
ಇವತ್ತು ಬೇವಿನ ಬೇರಿಗೆ ಬಂದರೆ ಕೊಡ ತುಂಬಬಹುದು.
ಮೌಲಾಬಿ ಎಂಬಾಕೆ ಬೊಗಸೆಯಲ್ಲಿ ರುಚಿ ನೋಡಿ
ಉಗುಳಿದಳು, ನಾಲ್ಕು ಹೆಜ್ಜೆ ಇಳಿದು ಮತ್ತೆ ನೋಡಿ
ನುಂಗಿದಳು.
ಅಷ್ಟೇ. ಗೆರೆ ಅಲ್ಲಿತ್ತು.
ಹರಿಗೋಲಿನ ಹುಡುಗ ಅದೇ ಗೆರೆಯ ಮೇಲೆ ಬಲೆ ಬೀಸಿದ;
ಜಿಲೇಬಿ ಮೀನಿಗೆ ಎರಡೂ ನೀರು ಬೇಕಂತೆ.

‘ಕಡಲ ಹಿಂಗ ಇರ್ತೈತೇನ್ರಿ ಸರ?’
ನಾನು ಗಂಗಾವತಿಯವನು, ಗದ್ದೆ ಕಾಲುವೆ ನೋಡಿ ಬೆಳೆದವನು.
ಕಡಲು ನಕಾಶೆಯಲ್ಲಿ ನೀಲಿ, ಅಷ್ಟು ಬಲ್ಲೆ.
‘ಇದಕ್ಕಿಂತ ದೊಡ್ಡದು’ ಅಂದೆ.
ಅವಳು ತಲೆ ಅಲ್ಲಾಡಿಸಿದಳು,
ನಾನು ತಪ್ಪು ಉತ್ತರಕ್ಕೆ ಅಲ್ಲಾಡಿಸುವ ಹಾಗೆ.

ಸಂಜೆ ಅವರ ಮನೆಯಲ್ಲಿ ಉಂಡೆ.
ರೊಟ್ಟಿ, ಪುಂಡಿಪಲ್ಯ,
ಮುಟ್ಟಿದರೆ ಕರಗುವ ತೊಗರಿಬೇಳೆ.

ಸೋಮವಾರ ಸೊನ್ನೆ ಹೊಡೆದು ಎರಡು ಬರೆದೆ.
ಅಂಕ ಬದಲಾಯಿಸಲು ಕಾರಣ ಬೇಕೆಂದರು ಹೆಡ್ಮಾಸ್ತರು.
ಸ್ಥಳ ಪರಿಶೀಲನೆ, ಎಂದು ಬರೆದು ಸಹಿ ಹಾಕಿದೆ.